ಕನ್ನಡದ ಮೊದಲ ವೆಬ್ ಪುಟಗಳು ಎಲ್ಲಿ ಹೋದವು? ಎಫ್‌ಟಿಪಿ ಕಾಲದ ಕಥೆ

ಶೇಷಾದ್ರಿಪುರಂನಿಂದ ಮಾತಾಡ್ತಾ ಇದ್ದೀನಿ. ಇವತ್ತು ಒಂದು ಫೋಟೋ ಇಂಟರ್ನೆಟ್ಟಿಗೆ ಹಾಕೋಕೆ ಒಂದು ಬಟನ್ ಒತ್ತಿದ್ರೆ ಸಾಕು. ಆ ಬಟನ್ ಇಲ್ಲದ ಕಾಲದಲ್ಲಿ ಕನ್ನಡದ ಪುಟವೊಂದು ಇಂಟರ್ನೆಟ್ಟಿಗೆ ಹೋಗ್ತಿದ್ದದ್ದು ಹೇಗೆ? ಹೋದ ಮೇಲೆ ಏನಾಯ್ತು? ಇದು ಇವತ್ತಿನ ಕಥೆ.

ಸಾಗಿಸ್ತಿದ್ದ ಗಾಡಿಯ ಹೆಸರು ಎಫ್‌ಟಿಪಿ, ಅಂದ್ರೆ ಫೈಲ್ ಟ್ರಾನ್ಸ್‌ಫರ್ ಪ್ರೋಟೋಕಾಲ್. ಇದರ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದವರು. ವೆಬ್ ಆಗ ಇನ್ನೂ ಹುಟ್ಟೇ ಇರಲಿಲ್ಲ.

ನಮ್ಮ ಊರಿಗೆ ಬರೋಣ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂತು. ಇಲ್ಲಿ ಮಾಡಿದ ಕೆಲಸವನ್ನು ಅಮೆರಿಕಕ್ಕೆ ಕಳಿಸೋಕೆ ಅವರಿಗೆ ಉಪಗ್ರಹ ಸಂಪರ್ಕ ಬೇಕಾಯ್ತು. ಅದರ ಉಪಕರಣ ಎತ್ತಿನಗಾಡಿಯಲ್ಲಿ ಹೋಗ್ತಿರೋ ಫೋಟೋ ನೀವು ನೋಡಿರಬಹುದು. ಮರುವರ್ಷ ಅರ್ನೆಟ್ ಎಂಬ ಸಂಶೋಧನಾ ಜಾಲ ಶುರುವಾಯ್ತು. ಮಲ್ಲೇಶ್ವರದ ಪಕ್ಕದಲ್ಲೇ ಇರೋ ಭಾರತೀಯ ವಿಜ್ಞಾನ ಸಂಸ್ಥೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಅದೂ ಆ ಜಾಲದಲ್ಲಿತ್ತು. ಆದರೆ ಇದೆಲ್ಲ ಕಂಪನಿಗಳಿಗೆ, ವಿಜ್ಞಾನಿಗಳಿಗೆ. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ, ವಿಎಸ್‌ಎನ್‌ಎಲ್ ಮೂಲಕ. ಶುರುವಿನ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಲೆಕ್ಕ ಹಾಕಿ: 1 ಎಂಬಿ ಹೋಗೋಕೆ ಸುಮಾರು 14 ನಿಮಿಷ. 10 ಎಂಬಿಯ ಒಂದು ಪಾಡ್‌ಕಾಸ್ಟ್ ಎಪಿಸೋಡ್ ಕಳಿಸೋಕೆ ಎರಡು ಗಂಟೆ ದಾಟುತ್ತಿತ್ತು, ಅದೂ ಮಧ್ಯೆ ಫೋನ್ ಲೈನ್ ಕಟ್ ಆಗದಿದ್ರೆ!

ಇಂಥ ಕಾಲದಲ್ಲಿ, 1996ರಲ್ಲಿ, ಡಾ. ಯು. ಬಿ. ಪವನಜ ‘ವಿಶ್ವಕನ್ನಡ’ ಶುರು ಮಾಡಿದರು. ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಅಂತ ಅದಕ್ಕೆ ಹೆಸರು. ಆಗ ಅವರು ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ.

ಆ ದಿನಗಳಲ್ಲಿ ವೆಬ್‌ಸೈಟ್ ಹಾಕೋರು ಸಾಮಾನ್ಯವಾಗಿ ಮಾಡ್ತಿದ್ದದ್ದು ಇಷ್ಟು. ಎಫ್‌ಟಿಪಿ ಪ್ರೋಗ್ರಾಂ ತೆರೆದು ಸರ್ವರ್ ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್ ಕೊಡೋದು. ಎಡಗಡೆ ನಿಮ್ಮ ಕಂಪ್ಯೂಟರಿನ ಫೈಲುಗಳು, ಬಲಗಡೆ ಸರ್ವರಿನವು. ಎಡದಿಂದ ಬಲಕ್ಕೆ ಎಳೆದ್ರೆ ಪುಟ ಪ್ರಕಟ. ಒಳಗೆ ಮಾತ್ರ ಎರಡು ದಾರಿ. ಪೋರ್ಟ್ 21ರಲ್ಲಿ ಆಜ್ಞೆಗಳು, ಬೇರೊಂದು ಸಂಪರ್ಕದಲ್ಲಿ ಫೈಲು. ನಾನು ಬಿ.ಕಾಂ. ಓದಿದವನು, ನನಗೆ ಇದು ಅರ್ಥವಾಗೋದು ಹೀಗೆ: ಫೋನಿನಲ್ಲಿ ಆರ್ಡರ್ ಮಾತಾಡ್ತೀವಿ, ಸರಕು ಲಾರಿಯಲ್ಲಿ ಬರುತ್ತೆ. ಒಂದೇ ತೊಂದರೆ, ಆ ಮಾತು ಗುಟ್ಟಾಗಿರಲಿಲ್ಲ. ಪಾಸ್‌ವರ್ಡ್ ಕೂಡ ಪೋಸ್ಟ್ ಕಾರ್ಡಿನಲ್ಲಿ ಬರೆದ ಹಾಗೆ ಬಿಚ್ಚಾಗಿಯೇ ಹೋಗ್ತಿತ್ತು.

ಇನ್ನೊಂದು ಆಯ್ಕೆ ಇತ್ತು: ಟೆಕ್ಸ್ಟ್ ಮೋಡ್, ಬೈನರಿ ಮೋಡ್. ಸಾಲು ಮುಗಿದದ್ದನ್ನು ವಿಂಡೋಸ್ ಎರಡು ಸಂಕೇತಗಳಲ್ಲಿ ಗುರುತಿಸಿದರೆ ಯುನಿಕ್ಸ್ ಸರ್ವರ್ ಒಂದರಲ್ಲಿ ಗುರುತಿಸುತ್ತೆ. ಟೆಕ್ಸ್ಟ್ ಮೋಡ್ ಇದನ್ನು ತಾನೇ ಬದಲಿಸಿಬಿಡುತ್ತೆ. ಬರಹಕ್ಕೆ ಅದು ಸರಿ. ಆದರೆ ಫಾಂಟ್ ಫೈಲನ್ನು ಆ ಮೋಡಿನಲ್ಲಿ ಕಳಿಸಿದರೆ ಒಳಗಿನ ಸಂಕೇತಗಳು ಅದಲುಬದಲಾಗಿ ಫಾಂಟೇ ಕೆಡುತ್ತೆ.

ಕನ್ನಡಕ್ಕೆ ಇದು ಸಣ್ಣ ವಿಷಯ ಆಗಿರಲಿಲ್ಲ. ಯಾಕಂದ್ರೆ ಯುನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ, ಮನೆಮನೆಯ ವಿಂಡೋಸಿಗೆ ಆ ಅನುಕೂಲ ಬಂದದ್ದು 2001ರ ಎಕ್ಸ್‌ಪಿ ಜೊತೆಗೆ. ಅಲ್ಲಿಯವರೆಗೆ ನಮ್ಮ ಪುಟಗಳು ಯೂರೋಪಿನ ಅಕ್ಷರಗಳ ಸಂಕೇತಗಳನ್ನೇ ಎರವಲು ಪಡೆದಿದ್ದವು. ಅವುಗಳ ಮೇಲೆ ಕನ್ನಡದ ಬಟ್ಟೆ ಹಾಕ್ತಿದ್ದದ್ದು ಫಾಂಟು. ಫಾಂಟ್ ಇದ್ರೆ ಕನ್ನಡ. ಇಲ್ಲದಿದ್ರೆ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ-ಚುಕ್ಕಿ ಇರೋ ಅಕ್ಷರ ಎಲ್ಲ ಕಲಸಿದ ಚಿತ್ರಾನ್ನ. ಅದಕ್ಕೇ ಎಷ್ಟೋ ತಾಣಗಳು ಪುಟದ ಜೊತೆ ಫಾಂಟನ್ನೂ ಸರ್ವರಿಗೆ ಏರಿಸಿ, ‘ಮೊದಲು ಇದನ್ನು ಇಳಿಸಿಕೊಳ್ಳಿ’ ಅಂತ ಓದುಗರಿಗೆ ಹೇಳ್ತಿದ್ದವು.

ಈಗ ಯೋಚಿಸಿ. ಹಳೇ ಪುಟ ಎಲ್ಲೋ ಉಳಿದಿದೆ, ಆದರೆ ಅದರ ಫಾಂಟ್ ಕಳೆದುಹೋಗಿದೆ. ಆಗ ಆ ಬರಹ ಇದ್ದೂ ಇಲ್ಲದ ಹಾಗೆ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಸಿಗಲ್ಲ, ಯಾಕಂದ್ರೆ ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ. ಇನ್ನು ಪುಟವೇ ಹೋದರೆ? ಜನ ಉಚಿತವಾಗಿ ಪುಟ ಇಡ್ತಿದ್ದ ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕೈವ್ ಮಾಡೋರು ಓಡಿಬಂದು ಉಳಿಸಿದ್ದಷ್ಟೇ ಉಳೀತು. 2021ರಲ್ಲಿ ಫೈರ್‌ಫಾಕ್ಸ್, ಕ್ರೋಮ್ ಎರಡೂ ಎಫ್‌ಟಿಪಿಯನ್ನು ಕೈಬಿಟ್ಟವು.

ತಾಳೆಗರಿಯನ್ನು ಗೆದ್ದಲಿನಿಂದ ಕಾಪಾಡಬೇಕು ಅಂತ ನಮಗೆ ಗೊತ್ತು. ಇಪ್ಪತ್ತೈದು ವರ್ಷದ ಕನ್ನಡ ಫೈಲನ್ನೂ ಕಾಪಾಡಬೇಕು ಅನ್ನೋದು ಇನ್ನೂ ಅಭ್ಯಾಸ ಆಗಿಲ್ಲ. ನನ್ನ ಪ್ರಕಾರ ಕನ್ನಡ ವೆಬ್ಬಿನ ಮೊದಲ ದಶಕವನ್ನು ಇತಿಹಾಸ ಅಂತ ಪರಿಗಣಿಸಬೇಕು, ಗುಜರಿ ಅಂತ ಅಲ್ಲ.

ಹಳೇ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವತ್ತು ಉಚಿತವಾಗಿ ಸಿಗ್ತವೆ. ನಿಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಅಥವಾ ಅತ್ತೆಯ ಹಳೇ ಸಿ.ಡಿ. ಇದ್ರೆ ಎಸೀಬೇಡಿ. ಫೈಲಿನ ಜೊತೆ ಫಾಂಟನ್ನೂ ಕಾಪಿ ಮಾಡಿ, ಆಮೇಲೆ ಬದಲಿಸಿ. ಒಂದು ಭಾನುವಾರ ಸಾಕು. ಮುಂದಿನ ವಾರ ಸಿಗೋಣ.