ಲಾರಿಗೆ ತಕ್ಕ ಪೆಟ್ರೋಲು: ಆಕ್ಟೇನ್ ಸಂಖ್ಯೆಯ ಕಥೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಸಾರಿಗೆ ಉದ್ಯಮದಲ್ಲಿರುವವರು ಹಲವರು. ಪೆಟ್ರೋಲ್ ಬಂಕಿನಲ್ಲಿ ಹೆಚ್ಚು ಬೆಲೆಗೆ ಮಾರುವ, ಹೆಚ್ಚು ಆಕ್ಟೇನಿನ ಪೆಟ್ರೋಲು ಹಾಕಿಸಿದರೆ ಎಂಜಿನ್ನಿನ ಬಲ ಹೆಚ್ಚುವುದೇ ಎಂದು ಅವರು ಆಗಾಗ ಕೇಳುವುದುಂಟು. ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಡಬಹುದು. ಆದರೆ ಪಾಠ ಹೇಳಿ ಅಭ್ಯಾಸವಾದ ನಾಲಿಗೆಗೆ ಅಷ್ಟರಲ್ಲಿ ತೃಪ್ತಿಯಿಲ್ಲ. ಈ ಸಂಖ್ಯೆಯ ಹಿಂದೆ ಒಂದು ಶತಮಾನದ ಚರಿತ್ರೆಯಿದೆ. ಅದರಲ್ಲಿ ಜಾಣ್ಮೆಯೂ ಇದೆ, ಲೋಭವೂ ಇದೆ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. ಹೆಚ್ಚು ಅದುಮಿದಷ್ಟೂ ಇಂಧನದಿಂದ ದೊರೆಯುವ ಕೆಲಸ ಹೆಚ್ಚು. ಆದರೆ ಮಿತಿಮೀರಿ ಅದುಮಿದರೆ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಸುತ್ತಿಗೆಯಿಂದ ಬಡಿದಂತಹ ಸದ್ದು ಕೇಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ ‘ನಾಕಿಂಗ್’ ಎನ್ನುತ್ತಾರೆ. ಬಡಿತ ಮುಂದುವರಿದರೆ ಪಿಸ್ಟನ್ನೇ ಹಾಳಾದೀತು. ಈ ಬಡಿತವನ್ನು ತಡೆದುಕೊಳ್ಳುವ ಪೆಟ್ರೋಲಿನ ಗುಣಕ್ಕೆ ಕೊಟ್ಟ ಅಂಕವೇ ಆಕ್ಟೇನ್ ಸಂಖ್ಯೆ. ಅದು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯ ಅಳತೆಯಲ್ಲ ಎಂಬುದನ್ನು ಮರೆಯಬಾರದು.

ಅಂಕ ಕೊಡುವ ಕ್ರಮವನ್ನು ರೂಪಿಸಿದವರು ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್. 1926-27ರ ಸುಮಾರಿಗೆ ಅವರು ಎರಡು ಶುದ್ಧ ದ್ರವಗಳನ್ನು ಆರಿಸಿಕೊಂಡರು. ಸುಲಭವಾಗಿ ಬಡಿತಕ್ಕೆ ತುತ್ತಾಗುವ ಹೆಪ್ಟೇನಿಗೆ ಸೊನ್ನೆ, ಬಡಿತವನ್ನು ಚೆನ್ನಾಗಿ ತಡೆಯುವ ಐಸೊ-ಆಕ್ಟೇನಿಗೆ ನೂರು. ಒಂದು ಪೆಟ್ರೋಲು ಪರೀಕ್ಷಾ ಎಂಜಿನ್ನಿನಲ್ಲಿ 70 ಪಾಲು ಐಸೊ-ಆಕ್ಟೇನ್, 30 ಪಾಲು ಹೆಪ್ಟೇನ್ ಇರುವ ಮಿಶ್ರಣದಂತೆ ವರ್ತಿಸಿದರೆ ಅದರ ಅಂಕ 70. ಒಳ್ಳೆಯ ಪ್ರಶ್ನೆಪತ್ರಿಕೆಯಷ್ಟು ಸರಳ!

ಸರಿಯಾದ ಅಂಕದ ಪೆಟ್ರೋಲನ್ನು ಆರಿಸುವುದು ಎಷ್ಟು ಗಹನವಾದ ಪ್ರಶ್ನೆಯೆಂಬುದು ಎರಡನೆಯ ಮಹಾಯುದ್ಧದ ಲಾರಿಗಳಲ್ಲಿ ಗೋಚರಿಸಿತು. ಸೋವಿಯತ್ ದೇಶದ ಜಿಸ್-5 ಲಾರಿಯ ಎಂಜಿನ್ ಮಿಶ್ರಣವನ್ನು 4.6ರಲ್ಲಿ ಒಂದು ಪಾಲಿಗೆ ಮಾತ್ರ ಅದುಮುತ್ತಿತ್ತು. ಆದ್ದರಿಂದ ಕೆಳದರ್ಜೆಯ ಪೆಟ್ರೋಲಿನಲ್ಲಿಯೂ ಅದು ಓಡುತ್ತಿತ್ತು. ಇದಕ್ಕೆ ತೆತ್ತ ಬೆಲೆಯೆಂದರೆ, ಐದೂವರೆ ಲೀಟರಿನ ದೊಡ್ಡ ಎಂಜಿನ್ನಿನಿಂದ ಸಿಕ್ಕುತ್ತಿದ್ದುದು 73 ಅಶ್ವಶಕ್ತಿ ಮಾತ್ರ. ಅದೇ ಸಮಯದಲ್ಲಿ ಅಮೆರಿಕದಿಂದ ನೆರವಾಗಿ ಬಂದ ಒಂದೂವರೆ ಲಕ್ಷದಷ್ಟು ಸ್ಟುಡಿಬೇಕರ್ ಲಾರಿಗಳು ಸೋವಿಯತ್ ಸೈನ್ಯಕ್ಕೆ ಆಸರೆಯಾದವು. ಅವುಗಳ ಎಂಜಿನ್ ಗಾತ್ರದಲ್ಲಿ ತುಸು ಚಿಕ್ಕದಾದರೂ ಬಲದಲ್ಲಿ ಹೆಚ್ಚು. ಅದುಮುವ ಪ್ರಮಾಣ 5.8ರಷ್ಟಿದ್ದುದರಿಂದ ಮೇಲ್ದರ್ಜೆಯ ಪೆಟ್ರೋಲೇ ಬೇಕಾಗಿತ್ತು. ಒಂದೇ ಸೈನ್ಯ, ಒಂದೇ ರಸ್ತೆ. ಆದರೆ ಎರಡು ಲಾರಿಗಳ ಹಸಿವು ಬೇರೆ ಬೇರೆ.

ಅಮೆರಿಕದ ಸೈನ್ಯ ಬೇರೊಂದು ದಾರಿ ಹಿಡಿಯಿತು. ಜೀಪು, ಲಾರಿ, ಟ್ಯಾಂಕು ಎಲ್ಲಕ್ಕೂ 80 ಆಕ್ಟೇನಿನ ಒಂದೇ ಪೆಟ್ರೋಲು. ಕಡಿಮೆ ಅಂಕ ಸಾಕಾಗುವ ವಾಹನಕ್ಕೆ ಹೆಚ್ಚು ಅಂಕದ ಪೆಟ್ರೋಲಿನಿಂದ ವಿಶೇಷ ಲಾಭವಿಲ್ಲ ನಿಜ. ಆದರೆ ಯಾವ ಡಬ್ಬದಿಂದ ಯಾವ ವಾಹನಕ್ಕೆ ಸುರಿದರೂ ಕೆಡುಕಿಲ್ಲ. ಯುದ್ಧಭೂಮಿಯಲ್ಲಿ ಈ ನಿಶ್ಚಿಂತೆ ಸಣ್ಣದಲ್ಲ. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಲಾರಿಗಳು ಹಗಲಿರುಳೂ ಓಡಿ 4 ಲಕ್ಷ ಟನ್ನಿಗೂ ಹೆಚ್ಚು ಸಾಮಗ್ರಿಯನ್ನು ಸೈನ್ಯಕ್ಕೆ ಮುಟ್ಟಿಸಿದವು. ಆ ಚಾಲಕರಲ್ಲಿ ಮುಕ್ಕಾಲು ಪಾಲು ಜನ ಕಪ್ಪು ವರ್ಣೀಯರು. ತಮ್ಮ ನಾಡಿನಲ್ಲಿಯೇ ಸಮಾನತೆ ಕಾಣದವರ ಕೈಯಲ್ಲಿ ಆ ಸೈನ್ಯದ ಜೀವನಾಡಿಯಿತ್ತೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ನೆನಪಿಡಬೇಕು.

ಇನ್ನು ಲೋಭದ ಅಧ್ಯಾಯ. ಕಡಿಮೆ ಖರ್ಚಿನಲ್ಲಿ ಆಕ್ಟೇನ್ ಅಂಕವನ್ನು ಏರಿಸಿದ್ದು ಸೀಸದ ಒಂದು ಸಂಯುಕ್ತ, ಟೆಟ್ರಾಈಥೈಲ್ ಲೆಡ್. ಜನರಲ್ ಮೋಟರ್ಸ್ ಸಂಸ್ಥೆಯ ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ ಅದರ ಗುಣವನ್ನು ಕಂಡುಹಿಡಿದರು. 1923ರಲ್ಲಿ ಮಾರಾಟ ಆರಂಭವಾಯಿತು. ಸೀಸ ವಿಷವೆಂಬುದು ಆಗಲೇ ತಿಳಿದಿತ್ತು. 1924ರ ಅಕ್ಟೋಬರಿನಲ್ಲಿ ನ್ಯೂಜರ್ಸಿಯ ಬೇವೇ ಸ್ಥಾವರದಲ್ಲಿ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಳಗಾಗಿ ಅಸುನೀಗಿದರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1925ರಲ್ಲಿಯೇ ಸಾರ್ವಜನಿಕವಾಗಿ ಎಚ್ಚರಿಸಿದರು. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಿದರೂ ಬಡಿತ ತಗ್ಗುವುದೆಂದು ಗೊತ್ತಿತ್ತು. ಆದರೂ ಪೇಟೆಂಟಿನ ಲಾಭವೇ ಗೆದ್ದಿತು.

ಫಲವನ್ನು ಉಂಡವರು ಮಕ್ಕಳು. ಹೊಗೆಯೊಡನೆ ಹೊರಬಂದ ಸೀಸ ಅವರ ರಕ್ತವನ್ನು ಸೇರಿ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸಿತು. ಭೂವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ ಈ ಮಾಲಿನ್ಯವನ್ನು ಅಂಕಿಸಂಖ್ಯೆಗಳೊಡನೆ ಮುಂದಿಟ್ಟಾಗ ಉದ್ಯಮ ಅವರನ್ನು ವಿರೋಧಿಸಿತು. ಭಾರತದಲ್ಲಿ ಸೀಸವಿಲ್ಲದ ಪೆಟ್ರೋಲು ದೇಶಾದ್ಯಂತ ಜಾರಿಯಾದದ್ದು 2000ದ ಫೆಬ್ರವರಿಯಲ್ಲಿ. ವಾಹನಗಳಿಗೆ ಸೀಸದ ಪೆಟ್ರೋಲು ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯಾ ಅದನ್ನು ನಿಲ್ಲಿಸಿದ್ದು 2021ರಲ್ಲಿ. 1990ರ ದಶಕದವರೆಗೆ ನಮ್ಮ ತರಗತಿಗಳಲ್ಲಿ ಕುಳಿತಿದ್ದ ಪೇಟೆಯ ಮಕ್ಕಳೆಲ್ಲರೂ ಆ ಹೊಗೆಯನ್ನು ಉಸಿರಾಡಿದವರೇ. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದ ನನಗೆ ಈ ಮಾತು ಬರೆಯುವಾಗ ಮನಸ್ಸು ಕಲಕುತ್ತದೆ.

ಈಗ ಮೊದಲ ಪ್ರಶ್ನೆಗೆ ಉತ್ತರ. ನಮ್ಮ ದೊಡ್ಡ ಲಾರಿಗಳು ಡೀಸೆಲಿನವು. ಅವುಗಳಿಗೆ ಆಕ್ಟೇನಿನ ಲೆಕ್ಕವೇ ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲದೆ, ಅದುಮಿದ ಗಾಳಿಯ ಬಿಸಿಗೇ ಇಂಧನ ಬೇಗ ಹೊತ್ತಿಕೊಳ್ಳಬೇಕು. ಆ ಗುಣದ ಅಂಕಕ್ಕೆ ಸೀಟೇನ್ ಎಂದು ಹೆಸರು. ಪೆಟ್ರೋಲಿನ ಸಣ್ಣ ಸರಕು ವಾಹನವಿದ್ದವರು ತಯಾರಕರ ಕೈಪಿಡಿಯಲ್ಲಿ ಹೇಳಿದ ಅಂಕದ ಪೆಟ್ರೋಲನ್ನೇ ಹಾಕಿಸಿರಿ. ಅದಕ್ಕಿಂತ ಕಡಿಮೆಯಾದರೆ ಎಂಜಿನ್ನಿಗೆ ಕೇಡು. ಹೆಚ್ಚಾದರೆ, ಸಾಮಾನ್ಯವಾಗಿ, ಜೇಬಿಗೆ ಮಾತ್ರ ಕೇಡು. ಮಿಕ್ಕ ಹಣದಲ್ಲಿ ಮಕ್ಕಳಿಗೆ ಒಂದೆರಡು ಒಳ್ಳೆಯ ಪುಸ್ತಕ ಕೊಂಡುಕೊಡಿ.