ಬೀಗ ಬಿದ್ದ ಮನೆಗೂ ಕಂದಾಯವೇ?

1898ರ ಆಗಸ್ಟ್‌ನಲ್ಲಿ ಪ್ಲೇಗ್ ರೈಲು ಹತ್ತಿ ಬೆಂಗಳೂರಿಗೆ ಬಂತು. ಸೋಂಕು ಕಂಡ ಮನೆಗಳನ್ನು ಖಾಲಿ ಮಾಡಿಸಲಾಯಿತು. ಜನ ಊರಾಚೆಯ ಗುಡಿಸಲುಗಳಲ್ಲಿ ದಿನ ದೂಡಿದರು. 1891ರಲ್ಲಿ ದಂಡು ಪ್ರದೇಶವೂ ಸೇರಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು.

ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಸಂಕಟದ ನಡುವೆಯೇ. ಅವುಗಳ ಅಗಲ ರಸ್ತೆಗಳನ್ನು ನಾವು ಇಂದಿಗೂ ಕೊಂಡಾಡುತ್ತೇವೆ. ಆದರೆ ಪೇಟೆಯಲ್ಲಿ ಬೀಗ ಬಿದ್ದ ಹಳೆಯ ಮನೆಗಳ ಒಡೆಯರನ್ನು ನೆನೆಯುವವರು ಕಡಿಮೆ. ಬ್ರಿಟಿಷ್ ಇಂಡಿಯಾದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಕೂಡ ಪರಿಹಾರದ ವಿಷಯಕ್ಕೆ ಬಂದಾಗ 'ಕೊಡುವುದಿದ್ದರೆ' ಎಂಬ ಅರ್ಥದ ಮಾತಿನಲ್ಲೇ ಮುಗಿಸಿತ್ತು.

ಬೆಳೆ ಹೋದ ವರ್ಷ ರೈತನ ಕಂದಾಯ ಮನ್ನಾ ಮಾಡುವುದು ನಮ್ಮ ನಾಡಿಗೆ ಹೊಸತಲ್ಲ. ಮನೆ ತೆರಿಗೆಯ ಸಂಗತಿ ಬೇರೆ. ಅದು ಪುರಸಭೆಯ ಸ್ವಂತ ಆದಾಯ. ವಿಪತ್ತು ಬಂದಾಗ ಚರಂಡಿ, ಔಷಧಿ, ನೈರ್ಮಲ್ಯಗಳ ಖರ್ಚು ಏರುತ್ತದೆ. ಅದೇ ಹೊತ್ತಿಗೆ ವರಮಾನ ಬಿಟ್ಟುಕೊಡಲು ಅದರ ಕೈ ಹಿಂಜರಿಯುತ್ತದೆ. ಈ ಕಷ್ಟ ಸುಳ್ಳಲ್ಲ.

ಹಾಗಿದ್ದರೂ ಪ್ರಶ್ನೆ ಉಳಿಯುತ್ತದೆ. ಬಾಡಿಗೆ ಮೌಲ್ಯದ ಮೇಲೆ ತೆರಿಗೆ ಕಟ್ಟುವ ಹಳೆಯ ಕ್ರಮದಲ್ಲಿ, ವಾಸಕ್ಕೆ ಬಾರದ ಮನೆಯ ಬೆಲೆ ಕುಸಿದಿದೆ ಎಂದು ವಾದಿಸಲಾದರೂ ಎಡೆಯಿತ್ತು. 2008ರಲ್ಲಿ ಬೆಂಗಳೂರಿಗೆ ಬಂದ ಘಟಕ ಪ್ರದೇಶ ಪದ್ಧತಿ ವಲಯ, ಅಳತೆ, ಬಳಕೆ, ಕಟ್ಟಡದ ವಯಸ್ಸುಗಳನ್ನು ಎಣಿಸಿತು. ಗೋಡೆಗೆ ನುಗ್ಗಿದ ನೀರು ಆ ಲೆಕ್ಕದೊಳಗೆ ಬರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಬಸವನಗುಡಿಗೆ ಸಮೀಪದ ಹೊಸಕೆರೆಹಳ್ಳಿಯ ಮನೆಗಳು ಮುಳುಗಿದಾಗ ಸರಕಾರ ಕುಟುಂಬಕ್ಕೆ 25,000 ರೂಪಾಯಿ ಘೋಷಿಸಿತು. ಅದು ನೆರವು, ನಿಜ. ಆದರೆ ಘೋಷಣೆ ಆಳುವವರ ಮನಸ್ಸನ್ನು ಅವಲಂಬಿಸಿದೆ, ಹಕ್ಕು ಹಾಗಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಪತ್ತಿನಿಂದ 10,000 ಡಾಲರ್‌ ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಮನೆಯ ಒಡೆಯ ವರ್ಷದೊಳಗೆ ಅರ್ಜಿ ಹಾಕಿ ಮರುಮೌಲ್ಯಮಾಪನ ಕೇಳಬಹುದು. ಮನೆ ಮತ್ತೆ ಎದ್ದು ನಿಲ್ಲುವವರೆಗೆ ತೆರಿಗೆ ಇಳಿಯುತ್ತದೆ. ಇಲ್ಲಿಯೂ ಅಂಥ ನಿಯಮ ಬೇಕು. ನಗರಸಭೆಗೆ ಆಗುವ ಕೊರತೆಯನ್ನು ರಾಜ್ಯ ತುಂಬಿಕೊಡಬೇಕು. ಒಡೆಯನಿಗೆ ಸಿಕ್ಕ ರಿಯಾಯಿತಿಯಲ್ಲಿ ಬಾಡಿಗೆದಾರನಿಗೂ ಪಾಲಿರಬೇಕು; ನೀರು ನುಗ್ಗುವಾಗ ಅದು ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುವುದಿಲ್ಲ.