ಪೆಟ್ರೋಲ್ ಬಂಕಿನಲ್ಲಿ ಕಾಣೆಯಾದವಳು

ಮೊನ್ನೆ ರಾತ್ರಿ 'ಸ್ಪೋರ್‌ಲೋಸ್' ಎಂಬ ಡಚ್ ಸಿನಿಮಾವನ್ನು ಎರಡನೇ ಸಲ ನೋಡಿದೆ. 1988ರದ್ದು, ನಿರ್ದೇಶಕ ಜಾರ್ಜ್ ಸ್ಲೈಜರ್. ಹೆಸರಿಗೆ 'ಸುಳಿವೇ ಇಲ್ಲದೆ' ಎಂದರ್ಥ. ಮೊದಲ ಸಲ ಕಥೆ ಹೆದರಿಸಿತ್ತು. ಈ ಸಲ ಆ ಸಿನಿಮಾಕ್ಕೆ ಆಮೇಲೆ ಏನಾಯಿತು ಅನ್ನೋದೇ ಹೆಚ್ಚು ಕಾಡಿತು.

ರೆಕ್ಸ್ ಮತ್ತು ಸಾಸ್ಕಿಯಾ ಕಾರಿನಲ್ಲಿ ಫ್ರಾನ್ಸಿಗೆ ರಜೆಗೆ ಹೊರಟ ಜೋಡಿ. ಸುರಂಗದೊಳಗೆ ಪೆಟ್ರೋಲ್ ಮುಗಿಯುತ್ತದೆ. ಅವಳು ಬೇಡವೆಂದು ಕೂಗುತ್ತಿದ್ದರೂ ಕತ್ತಲಲ್ಲಿ ಬಿಟ್ಟು ಅವನು ಪೆಟ್ರೋಲ್ ತರಲು ಹೋಗುತ್ತಾನೆ. ಆಮೇಲೆ ಬಂಕಿನಲ್ಲಿ ರಾಜಿ, ಇನ್ನು ಬಿಟ್ಟುಹೋಗುವುದಿಲ್ಲವೆಂಬ ಮಾತು. ಕುಡಿಯಲು ಏನಾದರೂ ತರ್ತೀನಿ ಅಂತ ಅವಳು ಹೋಗುತ್ತಾಳೆ. ಅಷ್ಟೇ! ಹಾಡಹಗಲು, ಸುತ್ತ ಜನ...

ಕೊಂಡೊಯ್ದವನು ಯಾರೆಂದು ಸಿನಿಮಾ ಬೇಗನೇ ತೋರಿಸಿಬಿಡುತ್ತದೆ. ರೇಮಂಡ್ ಲೆಮೋರ್ನ್, ರಸಾಯನಶಾಸ್ತ್ರದ ಮೇಷ್ಟ್ರು, ಇಬ್ಬರು ಹೆಣ್ಣುಮಕ್ಕಳ ಅಪ್ಪ. ಕ್ಲೋರೋಫಾರ್ಮನ್ನು ತನ್ನ ಮೇಲೇ ಪ್ರಯೋಗಿಸಿ ಎಷ್ಟು ಹೊತ್ತು ಎಚ್ಚರ ತಪ್ಪುತ್ತದೆ ಎಂದು ನೋಡುತ್ತಾನೆ, ನಾಡಿ ಎಣಿಸುತ್ತಾನೆ, ಬರೆದಿಡುತ್ತಾನೆ. ರಿಲೀಸ್‌ಗೆ ಮುಂಚೆ ನಾವು ಟೆಸ್ಟ್ ಮಾಡುವ ಹಾಗೇ! ಅದು ನೆನಪಾಗಿ ಮೈ ಜುಮ್ಮೆಂದಿತು.

ಮೂರು ವರ್ಷವಾದರೂ ರೆಕ್ಸ್ ಪೋಸ್ಟರ್ ಅಂಟಿಸುತ್ತಲೇ ಇರುತ್ತಾನೆ. ಆದರೆ ಅವನಿಗೆ ಬೇಕಿರುವುದು ಸಾಸ್ಕಿಯಾ ಅಲ್ಲ, ಉತ್ತರ. ಅವಳು ಎಲ್ಲೋ ಬದುಕಿದ್ದು ತನಗೆ ಗೊತ್ತಾಗದಿರುವುದು, ಇಲ್ಲವೇ ಅವಳು ಸತ್ತು ತನಗೆ ಎಲ್ಲ ಗೊತ್ತಾಗುವುದು, ಎರಡರಲ್ಲಿ ಅವನು ಆರಿಸಿಕೊಳ್ಳುವುದು ಎರಡನೆಯದನ್ನು. ಇದನ್ನು ಪ್ರೀತಿ ಅನ್ನಬೇಕೋ ಬೇಡವೋ, ನನಗಿನ್ನೂ ತೀರ್ಮಾನಿಸಲಾಗಿಲ್ಲ.

ಮೂಲ ಟಿಮ್ ಕ್ರಾಬ್ಬೆಯ 1984ರ ಕಾದಂಬರಿ 'ಹೆಟ್ ಗೌಡನ್ ಐ', ಅಂದರೆ ಚಿನ್ನದ ಮೊಟ್ಟೆ. ಕ್ರಾಬ್ಬೆ ಚೆಸ್ ಆಟಗಾರ, ಸೈಕಲ್ ರೇಸಿನವನೂ ಹೌದು. ಕಥೆಯ ನಡೆಗಳಲ್ಲಿ ಚೆಸ್ ಕಾಣುತ್ತದೆ. ನೆದರ್ಲೆಂಡ್ಸ್ ಸಿನಿಮಾವನ್ನು ಆಸ್ಕರ್‌ಗೆ ಕಳಿಸಿತು. ಮಾತುಗಳಲ್ಲಿ ಫ್ರೆಂಚ್ ಜಾಸ್ತಿ ಎಂದು ಅಕಾಡೆಮಿ ತಿರಸ್ಕರಿಸಿತು. ಬದಲಿಗೆ ಬೇರೊಂದನ್ನು ಕಳಿಸದೆ ಆ ದೇಶ ಆ ವರ್ಷ ಸ್ಪರ್ಧೆಯನ್ನೇ ಬಿಟ್ಟಿತು. ಭೇಷ್ ಅನ್ನಿಸಿತು :)

ಆಮೇಲಿನದು ಮಾತ್ರ ಬೇಸರದ ಕಥೆ. 1993ರಲ್ಲಿ ಹಾಲಿವುಡ್ ಇದನ್ನು ರೀಮೇಕ್ ಮಾಡಿತು, ಜೆಫ್ ಬ್ರಿಜಸ್ ಮತ್ತು ಕೀಫರ್ ಸದರ್ಲೆಂಡ್ ಜೊತೆ. ನಿರ್ದೇಶಕ ಯಾರು ಗೊತ್ತಾ? ಅದೇ ಸ್ಲೈಜರ್! ಪ್ರೇಕ್ಷಕರು ನೆಮ್ಮದಿಯಾಗಿ ಮನೆಗೆ ಹೋಗುವಂಥ ಕೊನೆ ಅಂಟಿಸಲಾಯಿತು. ಬದಲಾದದ್ದು ಕೊನೆ ಮಾತ್ರ ಅಂದುಕೊಂಡಿದ್ದೆ. ಅಲ್ಲ, ಪ್ರಶ್ನೆಯೇ ಬದಲಾಗಿದೆ. ಡಚ್ ಸಿನಿಮಾದಲ್ಲಿ ತಿಳಿದುಕೊಳ್ಳುವುದಕ್ಕೆ ಬೆಲೆ ತೆರಬೇಕು. ರೀಮೇಕಿನಲ್ಲಿ ಕೆಟ್ಟವನನ್ನು ಬಡಿದರೆ ಸಾಕು.

ಮೊದಲನೆಯದರ ಕೊನೆ ಏನೆಂದು ಹೇಳುವುದಿಲ್ಲ. ನೋಡುವುದಾದರೆ 1988ರದ್ದನ್ನೇ ನೋಡಿ, ರಾತ್ರಿ ಒಬ್ಬರೇ ಇರುವಾಗ ಮಾತ್ರ ಬೇಡ.